ಪಿಸ್ಟನ್ ಪಿನ್ನಿನ ಗಂಧಾರ

ಗಿಟಾರ್ ಅಂದರೆ ಕೊರಳಿಗೆ ಪಟ್ಟಿ ಹಾಕಿಕೊಂಡು, ನಿಂತು, ಕೂದಲು ಹಾರಿಸುತ್ತ ಬಾರಿಸುವ ವಾದ್ಯ ಎಂಬುದು ನಮ್ಮ ಗಂಗಾವತಿ ಓಣಿಯ ನಂಬಿಕೆ. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳು ಕಲಿಸಿದ ಪಾಠ ಅದು. ಹಾಗಾಗಿ ಪಕ್ಕದ ಮನೆಯ ಹುಡುಗ ಅಂಗಳದ ಕಟ್ಟೆಯ ಮೇಲೆ ಕುಳಿತು, ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರಿಸತೊಡಗಿದಾಗ ಎದುರು ಮನೆಯ ಆಯಿ ಬಂದು ನಿಂತು ನೋಡಿದಳು. “ಏನಪಾ, ಅದಕ್ಕ ಇಸ್ತ್ರಿ ಮಾಡಾಕತ್ತಿಯೇನು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಹುಡುಗ ಅಂದರೆ ತೀರಾ ಹುಡುಗನೇನಲ್ಲ. ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದರೆ ಮನೆ ಸೇರುವುದು ರಾತ್ರಿಯೇ. ಉಳಿದ ದಿನ ದೀಪ ಹಚ್ಚುವ ಹೊತ್ತಿಗೆ ಕಾಂಪೌಂಡ್ ಗೋಡೆಯ ಆಚೆ ತಂತಿಯ ಸದ್ದು ಶುರುವಾಗುತ್ತದೆ. ಈಚೆ ನಾನು: ರಿಟೈರಾದ ಮಾಸ್ತರ, ಮೂಲ ಯಲಬುರ್ಗಾ ಸೀಮೆಯ ಕುಕನೂರಿನವನು, ಭಜನೆ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು. ಗೋಡೆ ನನ್ನ ಎದೆಮಟ್ಟಕ್ಕಿದೆ. ಮೊಣಕೈ ಊರಿ ವಾದಕ್ಕೆ ನಿಲ್ಲಲು ಅಳತೆ ಕೊಟ್ಟು ಕಟ್ಟಿಸಿದ ಹಾಗಿದೆ.

“ಕಾಕಾ, ನನಗ ಕಾರ್ಡ್ಸ್ ಬೇಕು. ರಾಗ ಬ್ಯಾಡ.” ಅವನ ಬೇಡಿಕೆ ಇಷ್ಟೇ. ಹಾಡುವವರು ಹಾಡಲಿ, ತಾನು ಹಿಂದೆ ಕುಳಿತು ಮೂರು ಮೂರು ಸ್ವರ ಒಟ್ಟಿಗೆ ಎತ್ತಿ ಕೊಡುತ್ತಿರಬೇಕು.

“ರಾಗ ಬ್ಯಾಡ ಅಂದ್ರ ಆ ಜಾರುಗೋಲು ಯಾಕ ಹಿಡದಿ? ಎಲ್ಲಾರಂಗ ಬೆರಳಿಲೆ ಒತ್ತು.”

“ಆ ದನಿ ಬೆರಳಿಗೆ ಬರೂದಿಲ್ರೀ.”

ಅದು ಖರೆ. ಆ ದನಿಯ ಹುಚ್ಚು ಅವನಿಗೆ ಹತ್ತಿದ್ದು ವಿರೂಪಾಪುರ ಗಡ್ಡೆಯಲ್ಲಿ. ಹಂಪಿಯ ಎದುರು, ಹೊಳೆಯ ಈಚೆ, ನಮ್ಮ ತಾಲೂಕಿನ ದಂಡೆಯ ಮೇಲಿದ್ದ ಆ ಗುಡಿಸಲು ಹೋಟೆಲುಗಳಲ್ಲಿ ಚಳಿಗಾಲ ಪೂರ್ತಿ ವಿದೇಶದವರು ಬೀಡುಬಿಡುತ್ತಿದ್ದರು. ಇವನ ಸೋದರಮಾವ ಆನೆಗೊಂದಿ ದಾರಿಯಲ್ಲಿ ಆಟೋ ಓಡಿಸುತ್ತಿದ್ದ. ರಜೆಯಲ್ಲಿ ಹುಡುಗನೂ ಮುಂದಿನ ಸೀಟಿನಲ್ಲಿ. ಒಮ್ಮೆ ಯಾರೋ ಗಡ್ಡದವನು ಬಂಡೆಯ ಮೇಲೆ ಕುಳಿತು, ಕಿರುಬೆರಳಿಗೆ ಬಾಟಲಿಯ ಕುತ್ತಿಗೆ ಸಿಕ್ಕಿಸಿಕೊಂಡು ಬಾರಿಸುತ್ತಿದ್ದುದನ್ನು ಕೇಳಿ ಬಂದವನು, ಮನೆಯ ಗಾಜಿನ ಸೀಸೆಗಳನ್ನೆಲ್ಲ ಬೇರೆ ಕಣ್ಣಿನಿಂದ ನೋಡತೊಡಗಿದ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಗಡ್ಡೆಯ ಹೋಟೆಲುಗಳನ್ನೆಲ್ಲ ಕೆಡವಿದರು. ಗಡ್ಡದವರು ಸಾಣಾಪುರದ ಕಡೆಗೆ ಸರಿದರು. ಇವನ ಹುಚ್ಚು ಮಾತ್ರ ಇಲ್ಲಿಯೇ ಉಳಿಯಿತು.

ಜಾರಿಸುವ ಗಿಟಾರಿನ ಮೂಲ ಹವಾಯಿ ದ್ವೀಪ. ಜೋಸೆಫ್ ಕೆಕುಕು ಎಂಬ ಶಾಲಾ ಹುಡುಗ 1889ರ ಸುಮಾರಿಗೆ ರೈಲು ಹಳಿಯ ಪಕ್ಕ ಸಿಕ್ಕ ಬೋಲ್ಟೊಂದನ್ನು ತಂತಿಗೆ ತಾಗಿಸಿ ಈ ದನಿ ಕಂಡುಕೊಂಡ ಎಂಬುದು ಎಲ್ಲರೂ ಹೇಳುವ ಕತೆ. ಇನ್ನೊಂದು ಕತೆಯೂ ಇದೆ. ಕೆಕುಕುಗಿಂತ ಮುಂಚೆಯೇ ಗೇಬ್ರಿಯಲ್ ಡೇವಿಯನ್ ಎಂಬೊಬ್ಬ ಹೀಗೆ ಬಾರಿಸುತ್ತಿದ್ದನಂತೆ. ಅವನು ಹುಟ್ಟಿದ್ದು ಭಾರತದಲ್ಲಿ, ಹಡಗಿನವನೊಬ್ಬ ಅವನನ್ನು ಕದ್ದು ಹವಾಯಿಗೆ ಒಯ್ದನಂತೆ. ಹುಡುಗನಿಗೆ ನಾನು ಈ ಎರಡನೆಯ ಕತೆಯನ್ನೇ ಮೊದಲು ಹೇಳಿದೆ. ಮಾಸ್ತರ ಕೆಲಸ ಬಿಟ್ಟರೂ ಅಭಿಮಾನ ಬಿಡುವುದಿಲ್ಲ ನೋಡಿ. ಅದರ ಮೇಲೆ ಶಾರ್ಙ್ಗದೇವನನ್ನೂ ತಂದೆ. ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದವನು, 13ನೆಯ ಶತಮಾನದವನು. ಅವನ ‘ಸಂಗೀತರತ್ನಾಕರ’ದಲ್ಲಿ ಒಂದೇ ತಂತಿಯ ಏಕತಂತ್ರಿ ವೀಣೆಯನ್ನು ಬಿದಿರಿನ ತುಂಡು ಜಾರಿಸಿ ನುಡಿಸುವ ವಿವರವಿದೆ. ದಕ್ಷಿಣದ ಗೋಟುವಾದ್ಯವೂ ಅದೇ ಜಾತಿ. ಮೈಸೂರಿನಲ್ಲಿ 1967ರಲ್ಲಿ ಹುಟ್ಟಿದ ರವಿಕಿರಣ್ ಅದನ್ನು ಚಿತ್ರವೀಣೆ ಎಂದು ಲೋಕಕ್ಕೆಲ್ಲ ಕೇಳಿಸಿದರು.

“ಇಷ್ಟೆಲ್ಲಾ ಯಾಕ್ರೀ ಕಾಕಾ, ನಮ್ಮ ಹುಲಿಗಿ ಇಲ್ಲೇನು?” ಎಂದ ಹುಡುಗ.

ಅದು ನನಗೆ ಹೊಳೆದಿರಲಿಲ್ಲ ಎಂದಲ್ಲ, ಅವನಿಗೆ ಹೊಳೆದದ್ದು ಖುಷಿಯಾಯಿತು. ಹುಣ್ಣಿಮೆ ದಿನ ಹುಲಿಗೆಮ್ಮನ ಗುಡಿಯ ಮುಂದೆ ಜೋಗತಿಯರು ಚೌಡಿಕೆ ಹಿಡಿದು ಹಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಅಲ್ಲಿ ಗಿಟಾರಿನ ಫ್ರೆಟ್ಟಿನ ಹಾಗೆ ಮೆಟ್ಟೂ ಇಲ್ಲ, ಮನೆಯೂ ಇಲ್ಲ. ತಂತಿಯನ್ನು ಬಿಗಿಯುತ್ತ ಸಡಿಲಿಸುತ್ತ ಮೀಟಿದರೆ ಸ್ವರ ಅಳುತ್ತ ಮೇಲೇರುತ್ತದೆ, ನಗುತ್ತ ಇಳಿಯುತ್ತದೆ. ಜಾರುವ ಸ್ವರಕ್ಕೆ ನಮ್ಮ ಕಿವಿ ಎಂದೋ ಹದವಾಗಿದೆ. ಕಾರ್ಡಿಗೆ ಹದವಾಗಿಲ್ಲ, ಅಷ್ಟೇ.

ಹವಾಯಿ ಗಿಟಾರ್ ಭಾರತಕ್ಕೆ ಬಂದು ನೆಲೆನಿಂತದ್ದು ಕಲಕತ್ತೆಯಲ್ಲಿ. ಟೌ ಮೋ ಎಂಬ ಹವಾಯಿ ಕಲಾವಿದ 1940ರ ದಶಕದಲ್ಲಿ ಕುಟುಂಬ ಸಮೇತ ಅಲ್ಲಿಯೇ ಇದ್ದು ಬಾರಿಸಿದ, ಕಲಿಸಿದ. ಮುಂದೆ ಸುನಿಲ್ ಗಂಗೂಲಿಯವರ ಕೈಯಲ್ಲಿ ಅದು ಹಿಂದಿ ಸಿನಿಮಾ ಹಾಡುಗಳನ್ನೆಲ್ಲ ಹಾಡಿತು. ನಮ್ಮ ಕಾಲದವರಿಗೆ ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಬೇಗ ಮುಗಿದು ಮುಂದಿನದಕ್ಕೆ ಎರಡು ನಿಮಿಷ ಉಳಿದರೆ ಕೇಳುತ್ತಿದ್ದದ್ದು ಇಂಥದೇ ಗಿಟಾರ್. ಆಮೇಲೆ ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಅದರ ಮೇಲೆ ಆಲಾಪ ಕೂರಿಸಿದರು. ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೊತೆಗೆ 1967ರಲ್ಲಿ ಅವರು ಮಾಡಿದ ‘ಕಾಲ್ ಆಫ್ ದಿ ವ್ಯಾಲಿ’ ತಟ್ಟೆ ಯಾರ ಮನೆಯಲ್ಲಿ ಇರಲಿಲ್ಲ? ವಿಶ್ವಮೋಹನ ಭಟ್ಟರು ಗಿಟಾರಿಗೆ ತಾವಾಗಿ ಮಿಡಿಯುವ ತರಬಿನ ತಂತಿಗಳನ್ನು ಕಟ್ಟಿ ಮೋಹನ ವೀಣೆ ಮಾಡಿದರು. ಅಮೆರಿಕದ ರೈ ಕೂಡರ್ ಜೊತೆ ಕುಳಿತು, ಮೊದಲ ಭೇಟಿಯಲ್ಲೇ ಅನ್ನುವ ಹಾಗೆ, ಒಂದು ಆಲ್ಬಂ ನುಡಿಸಿ 1994ರಲ್ಲಿ ಗ್ರ್ಯಾಮಿ ತಂದರು. ಆದರೆ ಇವರೆಲ್ಲ ಒಂದು ತಂತಿಯ ಮೇಲೆ ಒಂದು ಸ್ವರ ಹಿಡಿದು ಹೊರಟವರು. ಉಳಿದ ತಂತಿ ಷಡ್ಜ ಹಿಡಿದು ಕೂತಿರಬೇಕು. ಹುಡುಗ ಕೇಳುವ ಕಾರ್ಡಿನ ದಾರಿ ಬೇರೆ. ಅದರಲ್ಲಿ ಇವರಾರೂ ಕೈಹಿಡಿಯುವುದಿಲ್ಲ.

ಆ ದಾರಿ ಶುರುವಾಗುವುದು ಗ್ಯಾರೇಜಿನಿಂದ. ಅಂಗಡಿಯ ಸ್ಟೀಲ್ ಬಾರ್ ಆನ್‌ಲೈನಿನಲ್ಲಿ ಸಿಗುತ್ತದೆ, ನಿಜ. ಇವನು ಮಾತ್ರ ಗಂಗಾವತಿಯಂಥ ಊರಿನಲ್ಲಿದ್ದು ಉಕ್ಕಿನ ತುಂಡಿಗೆ ಪಾರ್ಸೆಲ್ ಕಾಯುವುದೇ ಎಂದು ಗ್ಯಾರೇಜು ಸುತ್ತಿದ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ ಇರುತ್ತದಲ್ಲ, ಕನ್ನಡಿಯಂತೆ ಉಜ್ಜಿದ ಗಟ್ಟಿ ಉಕ್ಕು, ಒಳಗೆ ಪೊಳ್ಳು, ಅದೇ ಬೇಕು. ಬೈಕಿನದು ಗಿಡ್ಡ, ಆರು ತಂತಿ ಮುಚ್ಚುವುದಿಲ್ಲ. ಟ್ರ್ಯಾಕ್ಟರಿನದು ಭಾರ, ಸ್ವಲ್ಪ ಹೊತ್ತಿಗೇ ಮಣಿಕಟ್ಟು ಸೋಲುತ್ತದೆ. ಹಳೆಯ ಕಾರೊಂದರ ಪಿನ್ ಕೈಗೂ ತಂತಿಗೂ ಒಪ್ಪಿತು. ಸೀಮೆಎಣ್ಣೆಯಲ್ಲಿ ತೊಳೆದು, ಅಂಚನ್ನು ಉಜ್ಜುಕಾಗದದಿಂದ ತಿಕ್ಕಿದ. ಅಂಚು ಚೂಪಾಗಿದ್ದರೆ ತಂತಿಗೆ ತಾಗಿ ಕಿರ್ ಎನ್ನುತ್ತದೆ.

ಮುಂದಿನ ಕೆಲಸ ತಂತಿ ಎತ್ತರಿಸುವುದು. ಮಾಮೂಲಿ ಗಿಟಾರಿನಲ್ಲಿ ತಂತಿ ಮೆಟ್ಟಿಗೆ ತೀರಾ ಹತ್ತಿರ. ಉಕ್ಕು ಇಟ್ಟರೆ ಮೆಟ್ಟಿಗೆ ಬಡಿದು ಟಣಟಣ ಎನ್ನುತ್ತದೆ. ಬಡಿಗೇರ ಕಾಕಾ ತೇಗದ ಚಕ್ಕೆಯೊಂದನ್ನು ಅಳತೆಗೆ ಕೊಯ್ದು, ಗರಗಸದ ಬ್ಲೇಡಿನಿಂದ ಆರು ಗೀರು ಹಾಕಿ ತಲೆಯ ಕಡೆಯ ಪಟ್ಟಿಯ ಮೇಲೆ ಕೂರಿಸಿಕೊಟ್ಟ. ಗೀರು ಬಿರಡೆಯ ಕಡೆ ತುಸು ಇಳಿಜಾರಾಗಿರಬೇಕು. ಸಪಾಟಾದರೆ ತಂತಿ ಅಲ್ಲೇ ಕೂತು ಗುಂಯ್‌ಗುಡುತ್ತದೆ. ಬಡಿಗೇರ ಕಾಕಾ ಸಂಗೀತ ಕಲಿತವನಲ್ಲ, ಆದರೆ ಗುಂಯ್ ಕೇಳಿದ ತಕ್ಷಣ ಇದನ್ನು ಹೇಳಿದವನು ಅವನೇ.

ಇನ್ನು ಶ್ರುತಿ. ನಾನು ಗೋಡೆಯ ಮೇಲೆ ಪೂರ್ತಿ ಬಾಗಿ ನಿಂತದ್ದು ಈಗಲೇ.

ಬೆರಳಿನಿಂದ ಒತ್ತುವವನು ಒಂದು ಬೆರಳು ಇಲ್ಲಿ, ಇನ್ನೊಂದು ಅಲ್ಲಿ, ಹೀಗೆ ಕಾರ್ಡಿಗೊಂದು ಆಕಾರ ಕಟ್ಟುತ್ತಾನೆ. ಪಿನ್ನು ನೆಟ್ಟಗಿರುವ ಕಂಬಿ. ಅದಕ್ಕೆ ಒಂದೇ ಆಕಾರ. ಹಾಗಾದರೆ ಕಾರ್ಡ್ ತಂತಿಯಲ್ಲೇ ಇರಬೇಕು: ಏನೂ ಒತ್ತದೆ ಆರೂ ತಂತಿ ಮೀಟಿದರೆ ಕಾರ್ಡ್ ಕೇಳಬೇಕು. ಓಪನ್ ಟ್ಯೂನಿಂಗ್ ಎನ್ನುವುದು ಇದಕ್ಕೇ. ಹುಡುಗ ಫೋನಿನಲ್ಲಿ ನೋಡಿ “ಡಿ, ಎ, ಡಿ, ಎಫ್ ಶಾರ್ಪ್...” ಎಂದು ಓದತೊಡಗಿದ. ನನಗೆ ತಾಳ್ಮೆ ಕೆಟ್ಟಿತು.

“ಇಂಗ್ಲೀಷ್ ಬಿಡು. ಬಿಳಿ ಎರಡನ್ನ ಷಡ್ಜ ಮಾಡ್ಕೊ. ದಪ್ಪ ತಂತಿಯಿಂದ ಹಿಡದು: ಸ, ಪ, ಸ, ಗ, ಪ, ಸ. ಆತಿಲ್ಲೋ?”

ಹುಡುಗ ಸುಮ್ಮನೆ ನನ್ನ ಮುಖ ನೋಡಿದ. ತಂಬೂರಿಗೆ ಒಂದು ಗಂಧಾರ ಸೇರಿಸಿದ ಹಾಗೆ ಆಯಿತಲ್ಲ! ಮಾಮೂಲಿ ಗಿಟಾರಿನ ಶ್ರುತಿಯಿಂದ ಇಲ್ಲಿಗೆ ಬರಲು ಯಾವ ತಂತಿಯನ್ನೂ ಏರಿಸಬೇಕಾಗಿಲ್ಲ. ತೆಳು ತಂತಿಯಿಂದ ಎಣಿಸಿದರೆ ಆರನೆಯದು, ಎರಡನೆಯದು, ಒಂದನೆಯದು ಎರಡೆರಡು ಮನೆ ಇಳಿಯುತ್ತವೆ, ಮೂರನೆಯದು ಒಂದು ಮನೆ, ಐದು ನಾಲ್ಕು ಇದ್ದಲ್ಲೇ. ತಂತಿ ಹರಿಯುವ ಭಯವಿಲ್ಲ. ಅಮೆರಿಕದ ಡೋಬ್ರೊ ಎಂಬ ಜಾರುಗಿಟಾರ್ ಬಾರಿಸುವವರು ಬಹಳ ಮಂದಿ ಸ ಗ ಪ ಸ ಗ ಪ ಎಂದು ಕಟ್ಟುತ್ತಾರೆ, ಅದಕ್ಕೆ ದಪ್ಪ ತಂತಿಗಳನ್ನು ಮೇಲಕ್ಕೆ ಎಳೆಯಬೇಕು; ಮಾಮೂಲಿ ತಂತಿ ಅದನ್ನು ತಡೆಯುವುದಿಲ್ಲ. ನಮಗೆ ನಮ್ಮ ಸ ಪ ಸ ಗ ಪ ಸ ಸಾಕು.

ಪಿನ್ನನ್ನು ಐದನೆಯ ಮೆಟ್ಟಿಗೆ ಒಯ್ದರೆ ಮ ದ ಸ. ಏಳನೆಯದಕ್ಕೆ ಒಯ್ದರೆ ಪ ನಿ ರಿ. ಹನ್ನೆರಡಕ್ಕೆ ಮತ್ತೆ ಸ ಗ ಪ, ತಾರದಲ್ಲಿ. ಅರ್ಧಕ್ಕರ್ಧ ಸಿನಿಮಾ ಹಾಡು, ಶಾಲೆಯ ಪ್ರಾರ್ಥನೆ, ಮಂಗಳಾರತಿ ಪದ ಇಷ್ಟರಲ್ಲಿ ಮುಗಿಯುತ್ತವೆ. ಒಂದು ಎಚ್ಚರ: ಬೆರಳು ಒತ್ತುವುದು ಮೆಟ್ಟಿನ ಹಿಂದೆ, ಪಿನ್ನು ಕೂರಬೇಕಾದದ್ದು ಮೆಟ್ಟಿನ ತಂತಿಯ ನೇರ ಮೇಲೆ, ಒತ್ತದೆ. ಬೆರಳಿನ ಅಭ್ಯಾಸ ಇದ್ದವರೆಲ್ಲ ಮೊದಮೊದಲು ಇಲ್ಲಿ ತಗ್ಗುತ್ತಾರೆ.

ಫೋನಿನ ಟ್ಯೂನರ್ ಆರೂ ತಂತಿಗೆ ಹಸಿರು ದೀಪ ತೋರಿಸಿತು. ಹುಡುಗ ಮೀಟಿದ. ಒಳಗಿನಿಂದ ನಮ್ಮಾಕಿ “ಗಂಧಾರ ಕುಂತಿಲ್ಲ” ಎಂದಳು. ಆಕೆ ಗದಗಿನ ಕಡೆಯವಳು; ವೀರೇಶ್ವರ ಪುಣ್ಯಾಶ್ರಮದ ಸಂಗೀತ ಕೇಳುತ್ತ ಬೆಳೆದ ಕಿವಿ. ಗೋಡೆ ಅಡ್ಡ ಇದ್ದರೇನು!

ಇದರ ಮರ್ಮ ಇಷ್ಟು. ಪೇಟಿಯಲ್ಲಿ, ಟ್ಯೂನರಿನಲ್ಲಿ, ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಸ್ವರ ಇಟ್ಟಿರುತ್ತಾರೆ. ತಂಬೂರಿಯ ಷಡ್ಜದಿಂದ ತಾನಾಗಿ ಹೊಮ್ಮುವ ಗಂಧಾರ ಅದಕ್ಕಿಂತ ತುಸು ಕೆಳಗೆ. ಷಡ್ಜದ ಕಂಪನ ನಾಲ್ಕಾದರೆ ಇದರದು ಐದು. ಅರ್ಧ ಸ್ವರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು ಕೆಳಗೆ. ಒಂದೊಂದೇ ಸ್ವರ ಬಾರಿಸುವಾಗ ಇದು ಗೊತ್ತಾಗದೆ ಹೋಗಬಹುದು. ಸ ಗ ಪ ಒಟ್ಟಿಗೆ ಎತ್ತಿದಾಗ ಗೊತ್ತಾಗುತ್ತದೆ, ದನಿ ವ್ಹಂವ್ಹಂ ಎಂದು ನಡುಗುತ್ತದೆ. ಮೂರನೆಯ ತಂತಿಯ ಬಿರಡೆಯನ್ನು ನಿಧಾನ ಇಳಿಸುತ್ತ ಬಂದ ಹಾಗೆ ನಡುಕ ಸಾವಕಾಶವಾಗುತ್ತ, ಸಾವಕಾಶವಾಗುತ್ತ, ನಿಂತೇ ಬಿಡುತ್ತದೆ. ಟ್ಯೂನರಿನ ದೀಪ ಕೆಂಪಾಯಿತು. ಒಳಗಿನಿಂದ ಮಾತು ಬರಲಿಲ್ಲ. ಸರಿಯಾಯಿತು ಎಂದರ್ಥ.

ಇದರಲ್ಲಿ ಇನ್ನೊಂದು ಲಾಭ. ಮೆಟ್ಟು ಒತ್ತಿ ಬಾರಿಸುವವನು ಒಂದು ಕಾರ್ಡಿಗೆ ಹೀಗೆ ಸಿಹಿ ಮಾಡಿಕೊಂಡರೆ ಇನ್ನೊಂದು ಕಾರ್ಡು ಕಹಿಯಾಗುತ್ತದೆ. ಪಿನ್ನಿಗೆ ಆ ತೊಡಕಿಲ್ಲ. ಆರೂ ತಂತಿಗಳ ನಡುವಿನ ಅಂತರ ಇದ್ದ ಹಾಗೇ ಇರುವುದರಿಂದ ಐದಕ್ಕೆ ಹೋದರೂ ಏಳಕ್ಕೆ ಹೋದರೂ ಆ ಸಿಹಿ ಜೊತೆಗೇ ನಡೆಯುತ್ತದೆ. ಪೇಟಿಯವನಾದ ನಾನು ಇದನ್ನು ಹೇಳಬೇಕಾಗಿ ಬಂತಲ್ಲ ಎಂಬ ಸಂಕಟ ಬೇರೆ. ಇದೇ ಗಂಧಾರದ ತಕರಾರು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎಂಬ ತಕರಾರು ಮುಂದಿಟ್ಟು ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗೆ ನಿಲ್ಲಿಸಿತ್ತು. ನಾಟಕ ಕಂಪನಿಗಳು, ಭಜನೆ ಮೇಳಗಳು ಆ ಅಪ್ಪಣೆಗೆ ಸೊಪ್ಪು ಹಾಕಲಿಲ್ಲ. ಸಾವಿರ ಜನ ಕುಳಿತ ಬಯಲಿನಲ್ಲಿ ನಟನ ಕಂದ ಪದ್ಯಕ್ಕೆ ಸರಿಗಟ್ಟುವ ದನಿ ಪೇಟಿಗಲ್ಲದೆ ಯಾವುದಕ್ಕಿತ್ತು? ಗಂಧಾರ ಹದಿನಾಲ್ಕು ಪಾಲು ಮೇಲಿದ್ದರೆ ಇರಲಿ, ಹಿಂದಿನ ಸಾಲಿಗೆ ಕೇಳಬೇಕು.

ಕೇಳಬೇಕು ಎಂಬ ಇದೇ ಹಟದಿಂದ ಹುಟ್ಟಿದ್ದು ರೆಸೊನೇಟರ್ ಗಿಟಾರ್. ಮೈಕು ಬರುವ ಮುಂಚೆ ಬ್ಯಾಂಡುಗಳಲ್ಲಿ ಕಹಳೆಗಳ ನಡುವೆ ಗಿಟಾರಿನ ದನಿ ಸತ್ತೇಹೋಗುತ್ತಿತ್ತು. ಜಾರುಗಿಟಾರ್ ಬಾರಿಸುತ್ತಿದ್ದ ಜಾರ್ಜ್ ಬೋಶಾಂಪ್ ಎಂಬವನು ಜಾನ್ ಡೋಪ್ಯೆರಾ ಎಂಬ ಕಸುಬುದಾರನನ್ನು ಕಾಡಿದ. 1927ರ ಹೊತ್ತಿಗೆ ತೆಳು ಅಲ್ಯುಮಿನಿಯಂ ಶಂಕುಗಳನ್ನು ಹೊಟ್ಟೆಯೊಳಗೆ ಕೂರಿಸಿದ ಗಿಟಾರ್ ತಯಾರಾಯಿತು. ತಂತಿಯ ನಡುಕ ಮರದ ಹಲಗೆಗೆ ಬದಲು ಆ ಲೋಹಕ್ಕೆ ಇಳಿದು ದನಿ ಚೆಲ್ಲುತ್ತದೆ. ಆಮೇಲೆ ಡೋಪ್ಯೆರಾ ಸೋದರರು ಬೇರೆಯಾಗಿ 1920ರ ದಶಕದ ಕೊನೆಗೆ ಡೋಬ್ರೊ ತಂದರು. ಬೋಶಾಂಪ್ ಅಷ್ಟಕ್ಕೇ ಬಿಡಲಿಲ್ಲ. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಜೊತೆ ಸೇರಿ ಕರೆಂಟಿನ ಗಿಟಾರೇ ಮಾಡಿಬಿಟ್ಟ. ಮಾರುಕಟ್ಟೆಯಲ್ಲಿ ನಡೆದ ಮೊದಲ ಎಲೆಕ್ಟ್ರಿಕ್ ಗಿಟಾರೂ ತೊಡೆಯ ಮೇಲೆ ಮಲಗಿಸಿ ಜಾರಿಸುವಂಥದ್ದು. ಆಯಿಗೆ ಇದನ್ನು ಹೇಳಬೇಕು.

ನಮ್ಮ ಹುಡುಗನಿಗೆ ಡೋಬ್ರೊ ಕೊಳ್ಳುವ ಆಸೆ. ಲೆಕ್ಕ ಬರೆಯುವವನಾದ್ದರಿಂದ ಬೆಲೆಯನ್ನು ಸಂಬಳದಿಂದ ಭಾಗಿಸಿ ನೋಡಿ ಸದ್ಯಕ್ಕೆ ಸುಮ್ಮನಾಗಿದ್ದಾನೆ. ನನ್ನ ಅಭಿಪ್ರಾಯವೂ ಅದೇ: ಕೈ ಸದ್ದಡಗಿಸಲು ಕಲಿಯುವ ಮುಂಚೆ ದೊಡ್ಡ ದನಿಯ ವಾದ್ಯ ಕೊಡಬಾರದು. ಯಾಕೆಂದರೆ ಜಾರುಗಿಟಾರಿನ ಕಾರ್ಡಿನಲ್ಲಿ ನಿಜವಾದ ಕಷ್ಟ ಸದ್ದಡಗಿಸುವುದರಲ್ಲೇ ಇದೆ. ಬಾರಿಸುವುದನ್ನು ಯಾರು ಬೇಕಾದರೂ ಬಾರಿಸುತ್ತಾರೆ.

ಹತ್ತಿರದಿಂದ ನೋಡಿದರೆ ಎಡಗೈ ಹೀಗಿರುತ್ತದೆ. ಹೆಬ್ಬೆರಳು ಮತ್ತು ಮಧ್ಯದ ಬೆರಳ ನಡುವೆ ಪಿನ್ನು. ತೋರುಬೆರಳು ಅದರ ಬೆನ್ನಿನ ಮೇಲೆ. ಉಂಗುರದ ಬೆರಳು, ಕಿರುಬೆರಳು ಪಿನ್ನಿನ ಹಿಂದೆ ಬಿರಡೆಯ ಕಡೆ ತಂತಿಗಳ ಮೇಲೆ ಸುಮ್ಮನೆ ಮಲಗಿರುತ್ತವೆ. ಪಿನ್ನಿನ ಮುಂದಿನ ತಂತಿ ನುಡಿದಾಗ ಹಿಂದಿನ ತುಂಡೂ ಬೇರೇನೋ ಗೊಣಗುತ್ತದೆ, ಆ ಗೊಣಗನ್ನು ತಡೆಯುವುದು ಈ ಎರಡು ಬೆರಳು. ಬಲಗೈಯಲ್ಲಿ ಹೆಬ್ಬೆರಳಿಗೊಂದು, ಎರಡು ಬೆರಳಿಗೆರಡು ನಖಿ. ಮೂರು ತಂತಿ ಎತ್ತುತ್ತವೆ. ಪಿನ್ನು ಸರಿಯುವ ಕ್ಷಣಕ್ಕೆ ಅಂಗೈಯ ಅಂಚು ಇಳಿದು ಹಿಂದಿನ ಕಾರ್ಡನ್ನು ಮುಚ್ಚುತ್ತದೆ. ಮುಚ್ಚದೆ ಸರಿದರೆ ಐದರಿಂದ ಏಳಕ್ಕೆ ಹೋಗುವಾಗ ಆರೂ ತಂತಿ ಒಟ್ಟಿಗೆ ಊಳಿಡುತ್ತವೆ. ನಮ್ಮ ಓಣಿಯ ನಾಯಿಗಳು ಆ ಕಾಲದಲ್ಲಿ ಇವನಿಗೆ ದನಿಗೂಡಿಸುತ್ತಿದ್ದವು.

ಬೇಡದ ತಂತಿಯನ್ನು ಮೀಟದೆ ಬಿಡುವುದನ್ನೂ ಕಲಿಯದಿದ್ದರೆ ಏನಾಗುತ್ತದೆ ಎಂಬುದು ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ ಗೊತ್ತಾಯಿತು. ಅಮವಾಸ್ಯೆಯ ಭಜನೆ, ರಾತ್ರಿಯೆಲ್ಲ. ಹುಡುಗನನ್ನೂ ಕರೆದೊಯ್ದಿದ್ದೆ. ಹಿರಿಯರೊಬ್ಬರು ಏಕತಾರಿ ಹಿಡಿದು ಭೀಮಪಲಾಸಿಯಲ್ಲಿ ತತ್ವಪದ ಎತ್ತಿದರು. ಹುಡುಗ ಹುರುಪಿನಿಂದ ಆರೂ ತಂತಿ ಎಳೆದ. ಭೀಮಪಲಾಸಿಯ ಗಂಧಾರ ಕೋಮಲ. ಇವನ ಮೂರನೆಯ ತಂತಿ ಶುದ್ಧ ಗಂಧಾರ. ಹಿರಿಯರು ಹಾಡು ನಿಲ್ಲಿಸಲಿಲ್ಲ, ಕಣ್ಣು ತೆರೆದು ಒಂದು ಸಲ ನೋಡಿದರು. ಉಳಿದ ರಾತ್ರಿ ಹುಡುಗ ತಾಳ ಹಾಕಿದ.

ಮರುದಿನ ಬಸ್ಸಿನಲ್ಲಿ ತಾವರಗೇರಾ ದಾಟುವವರೆಗೂ ಮಾತಿಲ್ಲ. ಆಮೇಲೆ, “ಮೈನರ್ ಕಾರ್ಡ್ ಈ ಟ್ಯೂನಿಂಗಿನ್ಯಾಗ ಇಲ್ಲs ಇಲ್ಲ ಕಾಕಾ,” ಎಂದ.

ಇಲ್ಲ ಎನ್ನುವುದು ಪೂರ್ತಿ ಖರೆಯಲ್ಲ. ಪಿನ್ನನ್ನು ಓರೆಯಾಗಿ ಹಿಡಿದು, ಒಂದು ತುದಿ ಒಂದು ಮೆಟ್ಟಿಗೆ, ಇನ್ನೊಂದು ತುದಿ ಮುಂದಿನ ಮೆಟ್ಟಿಗೆ ಬರುವಂತೆ ಮಾಡುವ ಪಳಗಿದವರಿದ್ದಾರೆ. ಅದು ವರ್ಷಗಳ ಕೆಲಸ. ಮೂರನೆಯ ತಂತಿಯನ್ನೇ ಕೋಮಲಕ್ಕೆ ಇಳಿಸಬಹುದು, ಆಗ ಶುದ್ಧ ಗಂಧಾರದ ಮೇಜರ್ ಹೋಯಿತು. ಆ ತಂತಿಯನ್ನು ಮುಟ್ಟದೆ ಸ-ಪ ಮಾತ್ರ ಬಾರಿಸಿದರೆ ಪಂಚಮವಿರುವ ಯಾವ ರಾಗಕ್ಕೂ ಅಡ್ಡಿಯಿಲ್ಲ, ರುಚಿಯೂ ಇಲ್ಲ.

ಇಬ್ಬರೂ ಗೋಡೆಯ ಎರಡು ಬದಿಗೆ ಕುಳಿತು ಲೆಕ್ಕ ಹಾಕಿದೆವು. ನಾನು ಪೇಟಿಯ ಮೇಲೆ, ಅವನು ತಂತಿಯ ಮೇಲೆ. ಭೀಮಪಲಾಸಿಯ ಸ್ವರಗಳಲ್ಲೇ ಹುಟ್ಟುವ ಮೇಜರ್ ಕಾರ್ಡುಗಳು ಯಾವುವು? ಮೂರನೆಯ ಮೆಟ್ಟಿನಲ್ಲಿ ಕೋಮಲ ಗ, ಪ, ಕೋಮಲ ನಿ. ಐದರಲ್ಲಿ ಮ, ದ, ಸ. ಹತ್ತರಲ್ಲಿ ಕೋಮಲ ನಿ, ರಿ, ಮ. ಮೂರೂ ರಾಗದೊಳಗೇ ಇವೆ. ಉಳಿದದ್ದು ಷಡ್ಜದ ಮನೆ, ಅದು ಮೈನರ್ ಆಗಬೇಕು: ಸ, ಕೋಮಲ ಗ, ಪ. ಇದಕ್ಕೆ ಹುಡುಗ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಮೂರನೆಯ ಮೆಟ್ಟಿನಲ್ಲಿ ನಾಲ್ಕನೆಯ ಮತ್ತು ಮೂರನೆಯ ತಂತಿ, ಈ ಎರಡನ್ನೇ ಎತ್ತಿದರೆ ಕೋಮಲ ಗ ಮತ್ತು ಪ ಸಿಗುತ್ತವೆ. ಷಡ್ಜವನ್ನು ಅವನು ಬಾರಿಸಬೇಕಾಗಿಯೇ ಇಲ್ಲ. ಏಕತಾರಿ ಅದನ್ನೇ ಹಿಡಿದು ಕೂತಿದೆಯಲ್ಲ! ಅವನ ಎರಡು ತಂತಿ, ಹಿರಿಯರ ಒಂದು ತಂತಿ ಸೇರಿದರೆ ಕಾರ್ಡ್ ಆಯಿತು. ಗಿಟಾರಿನವರ ಪುಸ್ತಕದಲ್ಲಿ ಮೂರು ಸ್ವರವನ್ನೂ ತಾವೇ ಎತ್ತಬೇಕೆಂಬ ಆತುರ. ಶ್ರುತಿ ಎಂದೂ ಬಿಡದ ನಮ್ಮ ಮೇಳದಲ್ಲಿ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ಇದನ್ನು ತಿಳಿದವನು ಎರಡೇ ತಂತಿಯಲ್ಲಿ ಇಡೀ ಭಜನೆ ದಾಟುತ್ತಾನೆ.

ನಾಜೂಕು ಇನ್ನೂ ಒಂದಿದೆ. ಮೂರನೆಯ ಮೆಟ್ಟಿನ ಮೇಲೆ ಸರಿಯಾಗಿ ಪಿನ್ನು ಇಟ್ಟರೆ, ನಾವು ಇಳಿಸಿಟ್ಟ ಆ ಗಂಧಾರದ ತಂತಿಯ ದೆಸೆಯಿಂದ ಪಂಚಮ ಶ್ರುತಿಪೆಟ್ಟಿಗೆಯ ಪಂಚಮಕ್ಕಿಂತ ತುಸು ಕೆಳಗೆ ಬೀಳುತ್ತದೆ. ಪಿನ್ನನ್ನು ಒಂದು ಸೋನಾ ಮಸೂರಿ ಅಕ್ಕಿಕಾಳಿನಷ್ಟು ಮುಂದೆ ಸರಿಸಿದರೆ ಪಂಚಮ ಕೂರುತ್ತದೆ. ಜೊತೆಗೆ ಕೋಮಲ ಗಂಧಾರವೂ ಗವಾಯಿಗಳು ಹಾಡುವ ಜಾಗಕ್ಕೆ ಬರುತ್ತದೆ. ಪೇಟಿಗೆ ಈ ಸರಿಯುವ ಭಾಗ್ಯವಿಲ್ಲ.

ಈ ಹೊತ್ತಿಗೆ ರಸ್ತೆಯಲ್ಲಿ ಹೊರಟಿದ್ದ ಒಬ್ಬರು ಗೋಡೆಯ ಬಳಿ ನಿಂತಿದ್ದರು. ಹುಡುಗ ಜೋರಾಗಿ ಬಾಯಿಪಾಠ ಮಾಡುತ್ತಿದ್ದ: “ಓಪನ್ನಿಗೆ ಮೂರು, ಐದು, ಹತ್ತು... ಓಪನ್ನಿಗೆ ಮೂರು, ಐದು, ಹತ್ತು...”

ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: “ಮಾಸ್ತರ್ರ, ಕ್ಲೋಸ್ ಯಾವ್ದ್ರಿ?”

ನಾನು ಮೂವತ್ತು ವರ್ಷ ಪಾಠ ಹೇಳಿ ಗಳಿಸಿದ ಮರ್ಯಾದೆ ಮಟಕಾ ನಂಬರಿನಲ್ಲಿ ಹೋಗುವುದರಲ್ಲಿತ್ತು. ಇದು ಗಿಟಾರಿನ ವಿಷಯ ಎಂದು ಎಷ್ಟು ಹೇಳಿದರೂ ಅವರು ನಂಬಿದಂತೆ ಕಾಣಲಿಲ್ಲ. ಹೋಗುವಾಗ ಬೆರಳು ಮಡಚಿ ಎಣಿಸುತ್ತಿದ್ದರು.

ಮುಂದಿನ ಅಮವಾಸ್ಯೆಗೆ ಹುಡುಗ ಅದೇ ಹಳ್ಳಿಯಲ್ಲಿ ಹಿರಿಯರ ಹಿಂದೆ ಕುಳಿತು ಎರಡೇ ತಂತಿ ಬಾರಿಸಿದ. ಅವರು ಈ ಸಲ ಕಣ್ಣು ತೆರೆಯಲಿಲ್ಲ. ಮುಗಿದ ಮೇಲೆ ಪಿನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿ, “ಯಾವ ಗಾಡಿದು?” ಎಂದು ಕೇಳಿದರಂತೆ.

ಈಗ ನಮ್ಮ ಜಗಳ ಭೈರವಿಯ ಮೇಲಿದೆ. ಭಜನೆ ಮುಗಿಯುವುದೇ ಅದರಲ್ಲಿ, ಬಿಡುವ ಹಾಗಿಲ್ಲ. ರಿ ಗ ದ ನಿ ನಾಲ್ಕೂ ಕೋಮಲ. ಲೆಕ್ಕ ಹಾಕಿದರೆ ಒಂದನೆಯ, ಮೂರನೆಯ, ಎಂಟನೆಯ ಮೆಟ್ಟುಗಳಲ್ಲಿ ರಾಗಕ್ಕೆ ಒಪ್ಪುವ ಮೇಜರ್ ಕಾರ್ಡುಗಳು ಸಿಗುತ್ತವೆ. ತೊಂದರೆ ಒಂದನೆಯದರದು. ಬಡಿಗೇರ ಕಾಕಾ ಕೂರಿಸಿದ ಎತ್ತರದ ಚಕ್ಕೆ ಅಲ್ಲೇ ಪಕ್ಕದಲ್ಲಿದೆ. ಪಿನ್ನಿನ ಹಿಂದೆ ಎರಡು ಬೆರಳು ಮಲಗಿಸಲು ಜಾಗವೇ ಸಾಲದು, ಹಿಂದಿನ ತಂತಿ ಗೊಣಗುತ್ತದೆ.

“ಚಕ್ಕಿ ತೆಗಿಸಿ ಬಿಡ್ಲೇನ್ರಿ?”

“ಚಕ್ಕಿ ಯಾಕ ತೆಗಿಸ್ತಿ? ಮಧ್ಯಮದಾಗ ಹಾಡೂಣು. ಭೈರವಿಗೆ ಮಧ್ಯಮಾನ ಷಡ್ಜ ಮಾಡ್ಕೊಂಡು ಹಾಡೋದು ಹೊಸಾದೇನಲ್ಲ.”

ಷಡ್ಜ ಐದಕ್ಕೆ ಹೋದರೆ ಉಳಿದ ಮೂರೂ ಮೆಟ್ಟು ಐದೈದು ಮನೆ ಮುಂದೆ: ಆರು, ಎಂಟು, ಹದಿಮೂರು. ಬೆರಳಿಗೆ ಜಾಗವಾಯಿತು. ಹಾಡುವ ಹಿರಿಯರಿಗೆ ಅಷ್ಟು ಮೇಲಿನ ಶ್ರುತಿ ಕಟ್ಟುತ್ತದೋ, ಇಲ್ಲ ಮಂದ್ರಕ್ಕೆ ಇಳಿಯುತ್ತಾರೋ, ಅದನ್ನು ಅವರನ್ನೇ ಕೇಳಬೇಕು. ಭಾನುವಾರ ಇಬ್ಬರೂ ಕುಷ್ಟಗಿ ಬಸ್ಸು ಹತ್ತುತ್ತೇವೆ.